ಸೌಟು ಮಾತ್ರ ನಮ್ಮದು

ಬ್ಯಾಂಕಿನವರು ಜಾಗ ನೋಡಲು ಬರುತ್ತಾರೆ ಎಂದರೆ ನಮ್ಮ ಕಡೆಯವರಿಗೆ ಅದು ಹೆಣ್ಣು ನೋಡಲು ಬರುತ್ತಾರೆ ಎಂದ ಹಾಗೇ ಕೇಳಿಸುತ್ತದೆ. ನಾವು ಮಾಡಿದ ತಪ್ಪೆಲ್ಲ ಶುರುವಾದದ್ದು ಅಲ್ಲಿಂದ. ಹೆಣ್ಣು ನೋಡುವ ದಿನ ನಮ್ಮೂರಿನಲ್ಲಿ ಯಾರ ಜಗಲಿಯ ಮೇಲೂ ಅವರದೇ ಕುರ್ಚಿ ಇರುವುದಿಲ್ಲ. ಮೇಲ್ಮನೆಯ ಕುರ್ಚಿ ಬರುತ್ತದೆ, ಕೆಳಮನೆಯ ಸ್ಟೀಲ್ ಲೋಟ ಬರುತ್ತದೆ, ಇನ್ಯಾರದೋ ಮನೆಯ ಹೊಸ ಕರ್ಟನ್ನು ಕಿಟಕಿಗೆ ಏರುತ್ತದೆ. ನನ್ನನ್ನು ನೋಡಲು ಬಂದಾಗಲೂ ಹಾಗೇ ಆಗಿತ್ತು. ಮದುವೆಯಾಗಿ ಮೊದಲ ಹಬ್ಬಕ್ಕೆ ತವರಿಗೆ ಹೋದಾಗ ನಮ್ಮ ಯಜಮಾನರು ಅತ್ತಿತ್ತ ನೋಡಿ, "ಅವತ್ತು ಮೂರು ಕೈಕುರ್ಚಿ ಇದ್ವಲ್ಲ, ಎಲ್ಲಿಗೋದ್ವು?" ಎಂದು ಕೇಳಿದ್ದರು. ನಮ್ಮಮ್ಮ ಒಳಗೆ ಹೋಗಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದರು.

ಇವರು ಇಪ್ಪತ್ತು ವರ್ಷ ಜೀಪು ಓಡಿಸಿದವರು. ಜೀಪು ಇವರದಲ್ಲ, ವನಗೂರಿನ ಸಾಹುಕಾರರೊಬ್ಬರದು. ಬೆಳಗ್ಗೆ ಎಸ್ಟೇಟಿಗೆ ಆಳುಗಳನ್ನು ಬಿಡುವುದು, ಆಮೇಲೆ ಗೊಬ್ಬರದ ಮೂಟೆ, ಮೆಣಸಿನ ಮೂಟೆ, ಶನಿವಾರ ಭಾನುವಾರ ಬಿಸಿಲೆ ಗುಡ್ಡ ನೋಡಲು ಬಂದವರು. ಆ ದಾರಿಯಲ್ಲಿ ಇಪ್ಪತ್ತು ವರ್ಷ ಕುಲುಕಿದರೆ ಜೀಪಿನ ಬೋಲ್ಟೇ ಸಡಿಲವಾಗುತ್ತದೆ, ಇನ್ನು ಮನುಷ್ಯರ ಬೆನ್ನು ಯಾವ ಲೆಕ್ಕ. ಹಾಸನದ ಡಾಕ್ಟರು ಬೆನ್ನಿನ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಜೀಪು ಹತ್ತಬೇಡಿ, ಭಾರ ಎತ್ತಬೇಡಿ, ಬಗ್ಗಿ ಕೆಲಸ ಮಾಡಬೇಡಿ ಎಂದರು. ಈ ಮೂರೂ ಬಿಟ್ಟರೆ ನಮ್ಮ ಗುಡ್ಡದ ಮೇಲೆ ಗಂಡಸಿಗೆ ಉಳಿಯುವ ಕೆಲಸ ಎಂದರೆ ಎಲೆಯಡಿಕೆ ಹಾಕಿಕೊಂಡು ರಾಜಕೀಯ ಮಾತಾಡುವುದು. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ನಮಗಿದ್ದದ್ದು ಅರ್ಧ ಎಕರೆ ಗದ್ದೆ, ಮನೆ ಹಿಂದೆ ಒಂಚೂರು ಕಾಫಿ. ಮಗಳು ಸಕಲೇಶಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಇವರ ಹಳೇ ಸ್ನೇಹಿತರೊಬ್ಬರು ಹಾಸನದ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಆಗಿದ್ದರು. ಅವರು ಮಾತಾಡಿ ಇವರಿಗೂ ಅಲ್ಲೇ ಒಂದು ಕೆಲಸ ನೋಡಿದರು. ಮಳೆ ಹಿಡಿಯುವ ಹೊತ್ತಿಗೆ ಬಂದು ಸೇರಬೇಕು, ನಾಲ್ಕು ಜನ ಒಂದು ರೂಮಿನಲ್ಲಿ ಇರಬೇಕು, ತಿಂಗಳಿಗೊಮ್ಮೆ ಊರಿಗೆ ಬರಬಹುದು. ಮಾತು ಪಕ್ಕಾ ಎಂದು ತೋರಿಸಲಿಕ್ಕೆ ತಮ್ಮದೇ ಒಂದು ಖಾಕಿ ಶರ್ಟನ್ನೂ ಅದರ ಜೇಬಿನಲ್ಲಿ ಒಂದು ವಿಸಿಲನ್ನೂ ಬಸ್ಸಿನಲ್ಲಿ ಕಳಿಸಿಕೊಟ್ಟರು. ಇವರು ಅದನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಆ ಶರ್ಟನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಯಾರ್ದೋ ಗೇಟು ಕಾಯಕ್ಕೆ ನೀವು ಹಾಸನಕ್ಕೆ ಹೋಗೋದು, ನಾನು ಇಲ್ಲಿ ನಿಮ್ಮ ದಾರಿ ಕಾಯೋದು. ಮನೇಲಿ ಎಲ್ರೂ ವಾಚ್‌ಮನ್ನೇ ಆಗ್ಬುಟ್ರೆ ಬದುಕೋರ್ಯಾರು? ರಸ್ತೆ ಪಕ್ಕದ ಹಳೇ ಕೊಟ್ಟಿಗೆ ಜಾಗ ಸುಮ್ನೆ ಬಿದ್ದೈತೆ. ನಾನೊಂದು ಹೋಟೆಲ್ ಇಡ್ತೀನಿ."

ಇವರು ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ನಮ್ಮತ್ತೆ ಮಾತ್ರ ತಲೆ ಎತ್ತಲಿಲ್ಲ. "ಮಜ್ಜಿಗೆ ಹಾಕು" ಎಂದರು.

ಹೋಟೆಲ್ ಯೋಚನೆ ನನಗೆ ಬಂದದ್ದು ಸುಮ್ಮನೆ ಅಲ್ಲ. ವನಗೂರು ಬಿಟ್ಟರೆ ಬಿಸಿಲೆಯವರೆಗೆ ಕೂತು ಊಟ ಮಾಡುವ ಜಾಗ ನಮ್ಮ ಕೊಟ್ಟಿಗೆ ಇರುವ ತಿರುವಿನ ಆಸುಪಾಸಿನಲ್ಲಿ ಇರಲಿಲ್ಲ. ಸುಬ್ರಹ್ಮಣ್ಯಕ್ಕೆ ಹೋಗುವವರು ನಮ್ಮ ಬೇಲಿಯ ಹತ್ತಿರ ಕಾರು ನಿಲ್ಲಿಸಿ, "ಅಕ್ಕಾ, ಇಲ್ಲಿ ಊಟ ಎಲ್ಲಿ ಸಿಗುತ್ತೆ?" ಎಂದು ಕೇಳಿದ್ದಕ್ಕೆ ಲೆಕ್ಕವಿಲ್ಲ. ಮಕ್ಕಳು ಅಳುತ್ತಿದ್ದರೆ ನಾನೇ ಎರಡು ರೊಟ್ಟಿ ಸುತ್ತಿ ಕೊಟ್ಟು ಕಳಿಸಿದ್ದುಂಟು. ಹಾಗೆ ಕೊಟ್ಟ ರೊಟ್ಟಿಗಳನ್ನೇ ಮಾರಿದ್ದರೆ ಇಷ್ಟು ಹೊತ್ತಿಗೆ ನಾನೂ ಸಾಹುಕಾರ್ತಿ ಆಗಿರುತ್ತಿದ್ದೆ ಎಂದು ಇವರಿಗೆ ಹೇಳಿದೆ. ಇವರು ನಕ್ಕರು. ಬೆನ್ನು ಹಿಡಿದುಕೊಂಡ ಮೇಲೆ ಇವರು ನಕ್ಕದ್ದು ಅದೇ ಮೊದಲು. ಆ ನಗು ಕಂಡ ಮೇಲೆ ನಾನು ಹಿಂದೆ ಸರಿಯಲಿಲ್ಲ. ಮಳೆ ಹಿಡಿಯುವುದರೊಳಗೆ ಬ್ಯಾಂಕಿನ ಸಾಲ ಆದರೆ ಹೋಟೆಲು, ಆಗದಿದ್ದರೆ ಹಾಸನ ಎಂದು ಮಾತಾಯಿತು.

ಸಕಲೇಶಪುರದ ಬ್ಯಾಂಕಿಗೆ ಮೊದಲ ಸಲ ಹೋದಾಗ ಕೊಟ್ಟಿಗೆ ಜಾಗದ ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ನಮ್ಮತ್ತೆಯ ಹೆಸರಿನಲ್ಲಿ ಎಂದೆ. ಹಾಗಾದರೆ ಅವರನ್ನು ಕರೆದುಕೊಂಡು ಬನ್ನಿ ಎಂದರು. ನನಗಿದ್ದದ್ದು ಅದೇ ಭಯ. ನಮ್ಮತ್ತೆ ಕೆಟ್ಟವರಲ್ಲ, ಆದರೆ ಅವರ ಬಾಯಿಗೆ ಬೀಗವಿಲ್ಲ. ನನ್ನ ಅಡುಗೆಯ ವಿಷಯದಲ್ಲಂತೂ ಇಪ್ಪತ್ತು ವರ್ಷದಿಂದ ಒಂದೇ ಪದ್ಧತಿ. ಚೆನ್ನಾಗಿದ್ದರೆ ಸುಮ್ಮನೆ ಉಣ್ಣುತ್ತಿದ್ದರು, ಚೆನ್ನಾಗಿಲ್ಲದಿದ್ದರೆ ಕೆಳಮನೆಗೆ ಕೇಳುವ ಹಾಗೆ ಹೇಳುತ್ತಿದ್ದರು.

ಎರಡನೇ ಸಲ ಅತ್ತೆ ರೇಷ್ಮೆ ಅಂಚಿನ ಸೀರೆಯುಟ್ಟು, ಕೊಡೆ ಹಿಡಿದು ಬಂದರು. ನಮ್ಮ ಅರ್ಜಿ ನೋಡುವ ಸಾಹೇಬರು ಇನ್ನೂ ಹುಡುಗುಮುಖದವರು, ವಿಜಯಪುರದ ಕಡೆಯವರು. ಬಂದು ಆರು ತಿಂಗಳಾಗಿತ್ತಂತೆ. ಕಾಗದ ತಿರುವಿ ಹಾಕುತ್ತಾ ಕೇಳಿದರು, "ಅಕ್ಕಾರ, ಹೋಟೆಲ್ ನಡಸಿದ ಅನುಭವ ಏನರ ಐತೇನ್ರಿ?"

"ಇಲ್ಲ ಸಾರ್" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಪಕ್ಕದಲ್ಲಿದ್ದ ಅತ್ತೆ ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ಅನ್ಬವ ಇಲ್ದೆ ಏನ್ ಸ್ವಾಮಿ? ಇಪ್ಪತ್ತು ವರ್ಷದಿಂದ ನಮ್ಮನೆ ನಾಟಿಗೆ, ಕುಯ್ಲಿಗೆ ಬಂದೋರಿಗೆಲ್ಲ ಇವ್ಳೇ ಬೇಯ್ಸಿ ಹಾಕಿರೋದು. ಬೇರೆಯೋರ ಗದ್ದೆಗೆ ಜನ ಬಾ ಅಂದ್ರೂ ಬರಲ್ಲ. ನಮ್ ಗದ್ದೆಗೆ ಕರೀದೇನೆ ಬತ್ತಾರೆ. ಗದ್ದೆ ನೋಡ್ಕಂಡು ಬರೋದಲ್ಲ ಸ್ವಾಮಿ, ಇವ್ಳ ಕೈ ಸಾರು ನೆನಸ್ಕಂಡು ಬರೋದು. ಬರ್ಕಳಿ ಅದ್ನ."

ಸಾಹೇಬರು ನಿಜವಾಗಿಯೂ ಏನೋ ಬರೆದುಕೊಂಡರು. ಮುಂದಿನ ಬುಧವಾರ ಜಾಗ ನೋಡಲು ಬರುತ್ತೇನೆ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಕಣ್ಣು ತುಂಬಿ ಬಂದು ಹೇಮಾವತಿ ಸೇತುವೆ ದಾಟಿದ್ದೇ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಕಾದಿದ್ದ ಮಾತು ಬ್ಯಾಂಕಿನ ಫ್ಯಾನಿನ ಕೆಳಗೆ ಸಿಕ್ಕಿತ್ತು. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗ ಒಮ್ಮೆ ಆಗಿತ್ತು, ಆಮೇಲೆ ಅವತ್ತೇ. ಅತ್ತೆಗೆ ಅದು ತಿಳಿದಿರಬೇಕು. ಮೊಣಕೈಯಿಂದ ತಿವಿದು ಹೇಳಿದರು, "ತಲೆಗೆ ಏರಿಸ್ಕಬೇಡ ಕಣೆ. ಲೋನ್ ಆಗ್ಲಿ ಅಂತ ಹೇಳ್ದೆ. ಮೊನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು."

ಮರುದಿನ ಬೆಳಗ್ಗೆ ಹಾಲಿನ ಡೈರಿಯಲ್ಲಿ ಮೇಲ್ಮನೆಯ ಅಕ್ಕ ಸಿಕ್ಕಿದರು. ಮೇಲ್ಮನೆ ಎಂದರೆ ನಮ್ಮ ಮನೆಗಿಂತ ಮೇಲೆ, ದಿಣ್ಣೆಯ ಮೇಲಿರುವ ಮನೆ. ಅಕ್ಕ ಸಂಬಂಧದಲ್ಲಿ ದೂರ, ಸಲಿಗೆಯಲ್ಲಿ ಹತ್ತಿರ. ಬುಧವಾರ ಬ್ಯಾಂಕಿನವರು ಬರುತ್ತಾರೆ ಎಂದು ನಾನು ಹೇಳಿದ್ದೇ ತಡ, ಅವರು ಹಾಲಿನ ಕ್ಯಾನನ್ನು ಕೆಳಗಿಟ್ಟರು.

"ಬಂದೋರಿಗೆ ಏನು ತೋರಿಸ್ತೀಯ?"

"ಕೊಟ್ಟಿಗೆ ಜಾಗ ತೋರಿಸೋದು."

"ಬರೀ ನೆಲವಾ? ಥೂ, ಮಾನ ಹೋಯ್ತದೆ ಮಾರಾಯ್ತಿ! ಅಷ್ಟು ದೂರದಿಂದ ಬಂದೋರಿಗೆ ಲಂಟಾನದ ಪೊದೆ ತೋರಿಸಿ ಕಳಿಸ್ತೀಯಾ? ನಮ್ಮೂರಿನ ಬಗ್ಗೆ ಏನಂದ್ಕಂಡಾರು?"

ಡೈರಿಯಲ್ಲಿದ್ದ ಎಲ್ಲರೂ ಹೌದು ಹೌದು ಎಂದರು. ನನಗೂ ಹೌದೆನ್ನಿಸಿತು. ಆಗಲಾಗಲಿ, ಈಗಲಾಗಲಿ ಅದರಲ್ಲೇನು ತಪ್ಪು ಎಂದು ಕೇಳಿದರೆ ನಮ್ಮೂರಿನಲ್ಲಿ ಯಾರೂ ಹೇಳಲಾರರು. ಬರುವವರ ಮುಂದೆ ಇಲ್ಲದ್ದನ್ನು ಇದೆ ಎಂದು ತೋರಿಸುವುದು ನಮ್ಮಲ್ಲಿ ಸುಳ್ಳಿನ ಲೆಕ್ಕಕ್ಕೆ ಸೇರುವುದಿಲ್ಲ, ಮರ್ಯಾದೆಯ ಲೆಕ್ಕಕ್ಕೆ ಸೇರುತ್ತದೆ.

ಶುಕ್ರವಾರ ಬೆಳಗಾಗುವಷ್ಟರಲ್ಲಿ ಕೊಟ್ಟಿಗೆ ಜಾಗದಲ್ಲಿ ಹನ್ನೊಂದು ಜನ ಮುಯ್ಯಾಳಿಗೆ ನಿಂತಿದ್ದರು. ಮುಯ್ಯಾಳು ಎಂದರೆ ಇವತ್ತು ನಿಮ್ಮ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀವು. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ ಉಂಟು. ಗಂಡಸರು ಲಂಟಾನ ಸವರಿ ನೆಲ ಮಟ್ಟ ಮಾಡಿದರು. ನಮ್ಮ ಕಾಫಿಯ ನಡುವೆ ನಿಂತಿದ್ದ ಆರು ಸಿಲ್ವರ್ ಮರ ಕಡಿದು ಕಂಬ ನೆಟ್ಟರು. ಮೇಲ್ಮನೆಯ ಭಾವ, ಅಂದರೆ ಅಕ್ಕನ ಯಜಮಾನರು, ಕಾಫಿ ಕಣದ ಹತ್ತಿರ ಶೆಡ್ಡು ಮಾಡಲು ತಂದಿಟ್ಟಿದ್ದ ಶೀಟುಗಳನ್ನೇ ಹೊರಿಸಿಕೊಂಡು ಬಂದು ಚಾವಣಿಗೆ ಹೊದಿಸಿದರು. "ಭಾವ, ಇವು ನಿಮ್ಮ ಶೆಡ್ಡಿಗಲ್ವಾ?" ಎಂದರೆ, "ಲೋನ್ ಆದ್ಮೇಲೆ ಕೊಡಿವ್ರಂತೆ ಬುಡಮ್ಮ" ಎಂದರು. ನಮ್ಮತ್ತೆ ಯಾರನ್ನೂ ಹತ್ತಿರ ಸೇರಿಸದೆ ತಾವೇ ಕೂತು ಮೂರು ಕಣ್ಣಿನ ಮಣ್ಣಿನ ಒಲೆ ಹಾಕಿದರು. ಇವರಿಗೆ ಬಗ್ಗುವ ಹಾಗಿಲ್ಲವಲ್ಲ, ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕಂಬ ಸೊಟ್ಟಗಿದೆ, ಎಡಕ್ಕೆ ತಳ್ಳಿ, ಬಲಕ್ಕೆ ತಳ್ಳಿ ಎಂದು ಇಂಜಿನಿಯರ್ ಕೆಲಸ ಮಾಡಿದರು. ರಜೆಗೆ ಬಂದಿದ್ದ ಮಗಳು ಹಲಗೆಗೆ ಹಳದಿ ಬಳಿದು ಕೆಂಪಿನಲ್ಲಿ 'ಊಟ, ಕಡುಬು, ರೊಟ್ಟಿ' ಎಂದು ಬರೆದಳು.

ನಾನು ಹನ್ನೊಂದು ಜನಕ್ಕೆ ಬೇಯಿಸಿ ಹಾಕುತ್ತಾ ಒಳಗೊಳಗೇ ಹಾಡಿಕೊಳ್ಳುತ್ತಿದ್ದೆ. ನಾಲ್ಕು ದಿನ ಗದ್ದಲವೋ ಗದ್ದಲ.

ಮಂಗಳವಾರ ಸಂಜೆ ಸಾಮಾನು ಬರತೊಡಗಿದವು. ಕಡುಬು ಬೇಯಿಸುವ ದೊಡ್ಡ ಪಾತ್ರೆ ಮೇಲ್ಮನೆಯದು. ತಟ್ಟೆಗಳು ನಾಲ್ಕು ಮನೆಯವು, ಲೋಟಗಳು ಆರು ಮನೆಯವು. ಬೆಂಚು ಎರಡು ಡೈರಿಯವು. ಮೇಜು ಕೆಳಮನೆಯ ಹುಡುಗಿ ಓದುವ ಮೇಜು, ಅದರ ಮೇಲೆ ಮಗ್ಗಿ ಬರೆದದ್ದು ಕಾಣದಂತೆ ಪ್ಲಾಸ್ಟಿಕ್ ಹಾಳೆ ಹಾಸಿದೆವು. ನನ್ನದು ಎನ್ನುವುದಕ್ಕೆ ಇದ್ದದ್ದು ತವರಿನಿಂದ ತಂದ ಹಿತ್ತಾಳೆ ಸೌಟು ಒಂದೇ. ಎಲ್ಲ ಜೋಡಿಸಿ ದೂರ ನಿಂತು ನೋಡಿದರೆ, ಹತ್ತು ವರ್ಷದಿಂದ ನಡೆಯುತ್ತಿರುವ ಹೋಟೆಲಿನ ಹಾಗಿತ್ತು.

ಬುಧವಾರ ಸಾಹೇಬರು ಬೈಕಿನಲ್ಲಿ ಬರುವ ಹೊತ್ತಿಗೆ ಊರು ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು. ಇವರ ಜೊತೆಯ ಡ್ರೈವರುಗಳು ನಾಲ್ಕು ಜೀಪು ತಂದು ಸಾಲಾಗಿ ನಿಲ್ಲಿಸಿದ್ದರು. ಬೆಂಚುಗಳ ತುಂಬ ಗಿರಾಕಿಗಳು ಕೂತಿದ್ದರು. ಎಲ್ಲರೂ ನಮ್ಮೂರಿನವರೇ, ಮದುವೆಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡು, ನಮ್ಮನ್ನು ಜನ್ಮದಲ್ಲೇ ನೋಡಿಲ್ಲವೆಂಬ ಹಾಗೆ ಗಂಭೀರವಾಗಿ ಕಡುಬು ತಿನ್ನುತ್ತಿದ್ದರು. ಮೇಲ್ಮನೆಯ ಭಾವ, "ಏನಮ್ಮಾ, ಸಾರು ಹಾಕಮ್ಮಾ" ಎಂದು ಅಪರಿಚಿತರ ಧ್ವನಿಯಲ್ಲಿ ಕೂಗಿದರು. ನನಗೆ ನಗು ತಡೆಯಲಾಗದೆ ಒಲೆಯ ಕಡೆ ತಿರುಗಿದೆ.

ಸಾಹೇಬರಿಗೆ ಜಾಗ ಬಿಡಿಸಿ ಕೂರಿಸಿದೆವು. ಅವರು ಮಾಂಸ ತಿನ್ನುವವರೋ ಅಲ್ಲವೋ ತಿಳಿಯದೆ ಕೋಳಿಸಾರೂ ಮಾಡಿದ್ದೆ, ಹಲಸಿನ ಬೀಜದ ಸಾರೂ ಮಾಡಿದ್ದೆ. ತಿನ್ನುವುದಿಲ್ಲ ಎಂದರು. ಕಡುಬಿಗೆ ಬೀಜದ ಸಾರು ಹಾಕಿಸಿಕೊಂಡು ಒಂದು ತುತ್ತು ತಿಂದು, ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಗೆದ್ದೆ ಎಂದುಕೊಂಡೆ.

"ಭಾಳ ಛಲೋ ಐತ್ರಿ ಅಕ್ಕಾರ" ಎಂದರು. ಸುತ್ತ ನೋಡಿದರು. ಜೀಪು ನೋಡಿದರು, ಬೋರ್ಡು ನೋಡಿದರು, ಗಿರಾಕಿಗಳನ್ನು ನೋಡಿದರು. ಕಾಗದ ಮುಟ್ಟದೆ ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ಆದ್ರ ನಿಮಗ ಸಾಲ ಯಾತಕ್ಕ್ರಿ? ಈ ಸಾಲ ಹೊಸದಾಗಿ ಹೋಟೆಲ್ ತೆಗಿಯೋರಿಗೆ. ನಿಮ್ಮದು ಆಗ್ಲೇ ಭರ್ಜರಿ ನಡದೈತಲ್ರಿ. ನಾ ಹೆಂಗ ಬರೀಲಿ?"

ಬೆಂಚಿನ ಮೇಲೆ ಎಲ್ಲರ ಕೈಗಳೂ ತಟ್ಟೆಯಲ್ಲೇ ನಿಂತವು. ಸಾಹೇಬರು ಲೋಟ ಎತ್ತಿ ನೀರು ಕುಡಿದು, ಅದರ ಮೇಲೆ ಕೊರೆಸಿದ್ದ ಹೆಸರು ಓದಿದರು. ನಮ್ಮ ಕಡೆ ಪಾತ್ರೆಯ ಮೇಲೆ ಮನೆಯವರ ಹೆಸರು ಕೊರೆಸುವುದು ರೂಢಿ. ಆಮೇಲೆ ತಟ್ಟೆಯ ಅಂಚು ಓದಿದರು. ಪಕ್ಕದವರ ತಟ್ಟೆಯನ್ನೂ ಬಗ್ಗಿ ಓದಿದರು. "ಇದರ ಮ್ಯಾಲೆ ಒಂದು ಹೆಸರೈತಿ, ಅದರ ಮ್ಯಾಲೆ ಇನ್ನೊಂದು ಹೆಸರೈತಿ. ನಿಮ್ಮ ಹೆಸರು ಎಲ್ಲೂ ಕಾಣವಲ್ದು?"

ಮೇಲ್ಮನೆಯ ಭಾವ ನನ್ನನ್ನು ಕಾಪಾಡಲು ಎದ್ದು ನಿಂತರು. "ಅವ್ರೆಲ್ಲ ಪಾಲುದಾರ್ರು ಸಾರ್" ಎಂದರು.

"ಹಂಗಾರ ಎಲ್ಲಾರ ಸಹಿ ಇರೂ ಪಾಲುದಾರಿಕಿ ಪತ್ರ ಬೇಕಾಕ್ಕೈತ್ರಿ" ಎಂದರು ಸಾಹೇಬರು. ಭಾವ ಕೂತು ಮತ್ತೆ ತಟ್ಟೆಗೆ ಕೈ ಹಾಕಿದರು.

ನಾನು ಇವರನ್ನು ನೋಡಿದೆ. ಇವರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಆ ಮುಖ ನನಗೆ ಗೊತ್ತು. ಮನಸ್ಸಿನಲ್ಲೇ ಖಾಕಿ ಶರ್ಟು ಹಾಕಿಕೊಂಡು ಗುಂಡಿ ಹಾಕುತ್ತಿದ್ದರು. ಎಲ್ಲ ನನ್ನ ದೆಸೆಯಿಂದಲೇ ಆಯಿತು, ಬರೀ ಲಂಟಾನ ತೋರಿಸಿದ್ದರೆ ಸಾಕಿತ್ತು ಎನ್ನಿಸಿತು. ಮರ್ಯಾದೆ ಬಿಟ್ಟು ನಿಜ ಹೇಳಬೇಕು. ಹೇಳಲು ಬಾಯಿ ತೆರೆದರೆ, ಎದುರಿಗೆ ನಮಗಾಗಿ ನಾಲ್ಕು ದಿನ ಮೈ ಮುರಿದವರೆಲ್ಲ ಬಿಳಿ ಶರ್ಟಿನಲ್ಲಿ ಕೂತಿದ್ದಾರೆ. ಅವರ ಮುಖಕ್ಕೆ ಹೇಗೆ ಮಸಿ ಬಳಿಯಲಿ?

ಅಷ್ಟರಲ್ಲಿ ಒಲೆಯ ಹತ್ತಿರ ಕೂತಿದ್ದ ನಮ್ಮತ್ತೆ ಮಂಡಿಗೆ ಕೈಯೂರಿ ಎದ್ದರು. ನೇರ ಬಂದು ಸಾಹೇಬರ ಕೈಯಿಂದ ಲೋಟ ಕಿತ್ತುಕೊಂಡರು.

"ಇದು ಕೆಳಮನೆದು" ಎಂದು ಕೆಳಮನೆಯವಳ ಕೈಗೆ ಕೊಟ್ಟರು. ಒಂದು ಬಾಳೆಲೆ ತಂದು ಸಾಹೇಬರ ಎಡಗೈ ಮೇಲೆ ಹಾಸಿ, ಕಡುಬನ್ನೂ ಸಾರನ್ನೂ ಅದಕ್ಕೆ ಸುರಿದು ತಟ್ಟೆ ತೆಗೆದುಕೊಂಡರು. "ಇದು ಮೇಲ್ಮನೆದು. ಏಳಿ ಸ್ವಾಮಿ, ಬೆಂಚು ಡೈರಿದು." ಸಾಹೇಬರು ಎದ್ದು ನಿಂತರು. ಅತ್ತೆ ಊರಿನ ಕಡೆ ತಿರುಗಿದರು. "ಏನ್ ನೋಡ್ತೀರ್ರೋ? ನಿಮ್ ನಿಮ್ ಸಾಮಾನು ನೀವು ತಗಂಡು ಹೋಗ್ರೋ. ಸ್ವಾಮಿಗೋಳಿಗೆ ಹೋಟ್ಲು ಕಾಣ್ತಾ ಐತಂತೆ, ನಮ್ಮನೆ ಕಾಣ್ತಾ ಇಲ್ವಂತೆ."

ಮೊದಲು ಮೇಲ್ಮನೆಯ ಅಕ್ಕ ಕೊನೆಯ ಕಡುಬುಗಳನ್ನು ಎಲೆಗೆ ಬಗ್ಗಿಸಿ ತಮ್ಮ ಪಾತ್ರೆಯನ್ನು ಕಂಕುಳಿಗೆ ಏರಿಸಿದರು. ಅಷ್ಟೇ ಸಾಕಾಯಿತು. ತಟ್ಟೆಗಳು ತಟ್ಟೆಯವರ ಜೊತೆ, ಲೋಟಗಳು ಲೋಟದವರ ಜೊತೆ ಹೊರಟವು. ಇಬ್ಬರು ಬೆಂಚು ಹೊತ್ತರು. ಕೆಳಮನೆಯ ಮೇಜು ಮಗ್ಗಿ ತೋರಿಸಿಕೊಂಡು ಹೋಯಿತು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿ, ಜೀಪು ಸ್ಟಾರ್ಟ್ ಮಾಡಿ ತಿರುವಿನ ಆಚೆ ನಿಲ್ಲಿಸಿ ಬಂದರು. ಮೇಲ್ಮನೆಯ ಭಾವನಿಗೆ ಪಾಲುದಾರಿಕೆಯ ಮಾತು ಆಡಿದ ತಪ್ಪು ತಿದ್ದುವ ಆತುರ. ಏಣಿ ಹಾಕಿ ಮೇಲೆ ಹತ್ತಿ ಬೋಲ್ಟು ಬಿಚ್ಚಿ ಒಂದು ಶೀಟು ತೆಗೆದೇಬಿಟ್ಟರು. ಸಾಹೇಬರ ತಲೆಯ ಮೇಲೆ ನೇರ ಬಿಸಿಲು ಬಿತ್ತು.

"ಸಾಕ್ರೀ ಸಾಕ್ರೀ, ಇಳೀರಿ ಕೆಳಗ!" ಎಂದು ಸಾಹೇಬರು ಕೂಗಿದರು. ಅಂಗೈ ಮೇಲೆ ಎಲೆ, ಎಲೆಯಿಂದ ಮೊಣಕೈಗೆ ಇಳಿಯುತ್ತಿದ್ದ ಸಾರು. ಮನುಷ್ಯ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ನೀರು ಕೊಡೋಣವೆಂದರೆ ಲೋಟವೇ ಇಲ್ಲ.

"ಮುಯ್ಯಾಳಾ?" ಎಂದು ಕೇಳಿದರು.

"ನಿಮ್ ಕಡೇನೂ ಐತಾ ಸ್ವಾಮಿ?" ಎಂದರು ಅತ್ತೆ.

"ಐತ್ರಿ ಅಮ್ಮಾರ. ನಮ್ಮ ಮನಿ ಕಟ್ಟಿದ್ದೂ ಮುಯ್ಯಾಳಿನ್ಯಾಗಽ. ನಮ್ಮಕ್ಕನ್ನ ನೋಡಾಕ ಬಂದಾಗ ನಮ್ಮವ್ವ ಓಣಿ ತುಂಬ ಅಡ್ಡಾಡಿ ಕುರ್ಚಿ ತಂದಿದ್ಲು. ಬೀಗರು ಹೋದಮ್ಯಾಲೆ ಕೂಡ್ರಾಕ ಕಂಬಳಿ ಒಂದಽ ಉಳದಿತ್ತು." ನಿಂತೇ ಎಲೆಯನ್ನು ಖಾಲಿ ಮಾಡಿದರು. ನನ್ನ ಕೈಯಿಂದಲೇ ನೀರು ಹಾಕಿಸಿಕೊಂಡು ಕೈ ತೊಳೆದರು. ಆಮೇಲೆ ಫೋನು ತೆಗೆದರು. "ಅಕ್ಕಾರ, ಒಲಿ ಬಾಜೂ ನಿಂದರ್ರಿ, ಫೈಲಿಗೆ ಫೋಟೋ ಬೇಕು. ಕೈಯಾಗಿನ ಸೌಟು ಯಾರ್ದದು?"

"ಸೌಟು ಮಾತ್ರ ನಮ್ದು ಸಾರ್" ಎಂದೆ.

"ಹಿಡ್ಕೊಂಡಽ ನಿಂದರ್ರಿ" ಎಂದರು.

ಅವರ ಬೈಕಿನ ಸದ್ದು ತಿರುವು ದಾಟಿದ ಮೇಲೆ, ಹೋದವರೆಲ್ಲ ಬೇಲಿಯ ಹಿಂದಿನಿಂದ ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಕೋಳಿಸಾರು ಇನ್ನೂ ಅರ್ಧ ಉಳಿದಿತ್ತು. ನೆಲದ ಮೇಲೆ ಕೂತು, ಎಲೆ ಹಾಸಿಕೊಂಡು, ತೆಗೆದ ಶೀಟಿನ ಸಂದಿಯ ಬಿಸಿಲಿನಲ್ಲಿ ಎಲ್ಲರೂ ಉಂಡೆವು. ಸಾಲ ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಅಷ್ಟು ನಕ್ಕ ಊಟ ನನಗೆ ಇನ್ನೊಂದು ನೆನಪಿಲ್ಲ.

ಸಾಲ ಆಯಿತು. ಮೊದಲ ಮಳೆ ಬಿದ್ದ ವಾರದಲ್ಲೇ ಬ್ಯಾಂಕಿನಿಂದ ಫೋನು ಬಂತು. ಪಾತ್ರೆ, ಬೆಂಚು, ಶೀಟು, ಗ್ಯಾಸಿನ ಒಲೆ, ಎಲ್ಲ ಅದರಲ್ಲೇ ಬಂದವು. ಭಾವನ ಶೀಟುಗಳನ್ನು ಬಿಚ್ಚಿ ಅವರ ಕಣಕ್ಕೆ ಹೊರಿಸಿ ಕಳಿಸಿದೆವು. ಪಾತ್ರೆ ಕೊಳ್ಳಲು ಅತ್ತೆಯೂ ಸಕಲೇಶಪುರಕ್ಕೆ ಬಂದರು. ಅಂಗಡಿಯಲ್ಲಿ ಪ್ರತಿ ತಟ್ಟೆಯನ್ನೂ ಬೆರಳಿನಿಂದ ಬಡಿದು, ಕಿವಿಗೆ ಹಿಡಿದು ಆರಿಸಿದರು. ಕೊನೆಗೆ ಹೆಸರು ಕೊರೆಯುವವನು ಮಿಷನ್ ಹಿಡಿದು, ಏನೆಂದು ಕೊರೆಯಲಿ ಎಂದು ಕೇಳಿದ. ನಮ್ಮ ಮನೆಯ ಹಳೇ ಪಾತ್ರೆಗಳ ಮೇಲೆ ಇರುವುದು ಮಾವನ ಹೆಸರು. ಆಮೇಲೆ ಬಂದವುಗಳ ಮೇಲೆ ಅತ್ತೆಯದು. ನಾನು ಅತ್ತೆಯ ಹೆಸರು ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ನನ್ನ ಹೆಸರು ಹೇಳಿದರು. ನನ್ನದೊಂದೇ, ಹಿಂದೆ ಮುಂದೆ ಯಾರ ಹೆಸರೂ ಇಲ್ಲದೆ. "ದೊಡ್ಡಕ್ಷರದಲ್ಲಿ ಬರಿಯಪ್ಪ, ಮುಂದಿನ ಸಲ ಬ್ಯಾಂಕ್ನೋರಿಗೆ ದೂರದಿಂದ್ಲೇ ಕಾಣ್ಬೇಕು" ಎಂದರು.

ಈ ಸಲ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಲಿಲ್ಲ. ಅತ್ತೆಯ ಭುಜಕ್ಕೆ ಒರಗಿಯೇ ಕಣ್ಣೀರು ಹಾಕಿದೆ. ಅವರು ತಟ್ಟೆಗಳ ಗಂಟನ್ನು ಕಾಲಿನಿಂದ ಒತ್ತಿ ಹಿಡಿದು ಕೂತಿದ್ದರು.

ಹೋಟೆಲು ಶುರುವಾಗಿ ಎರಡು ತಿಂಗಳಿಗೆ ನಾಟಿ ಬಂತು. ಮುಯ್ಯಿ ತೀರಿಸಬೇಕಲ್ಲ. ಹನ್ನೊಂದು ಜನ ನಾಲ್ಕು ದಿನ ದುಡಿದದ್ದಕ್ಕೆ ಬ್ಯಾಂಕಿನಲ್ಲಿ ಫಾರಂ ಇಲ್ಲ, ಗದ್ದೆಯಲ್ಲೇ ತೀರಬೇಕು. ಯಾವ ಮನೆಯ ನಾಟಿಯೋ ಆ ದಿನ ಹೋಟೆಲಿಗೆ ರಜೆ. ಬಾಗಿಲಿಗೆ ಮಗಳು ಹಾಸ್ಟೆಲಿನಿಂದ ಬಂದಾಗಲೇ ಹಲಗೆ ಬರೆದಿಟ್ಟು ಹೋಗಿದ್ದಳು, 'ಇವತ್ತು ಮೇಲ್ಮನೆ ಗದ್ದೆಯಲ್ಲಿ ನಾಟಿ. ಹಸಿದವರು ಅಲ್ಲಿಗೇ ಬನ್ನಿ.' ಎರಡು ಕಾರಿನವರು ನಿಜವಾಗಿಯೂ ಬಂದು ಬದುವಿನ ಮೇಲೆ ಕೂತು ಉಂಡು ಹೋದರು.

ಮೂರನೆಯವರಾಗಿ ಬಂದವರು ಸಾಹೇಬರು. ಸಾಲ ಕೊಟ್ಟ ಮೇಲೆ ಒಮ್ಮೆ ಬಂದು ನೋಡುವುದು ಅವರ ನಿಯಮವಂತೆ. ಮುಚ್ಚಿದ ಬಾಗಿಲು ಕಂಡು ಗಾಬರಿಯಾಗಿ, ಹಲಗೆ ಓದಿ, ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಜಾರುತ್ತಾ ಬಂದರು. ನಾನು ಮೊಣಕಾಲುದ್ದ ಕೆಸರಿನಲ್ಲಿದ್ದೆ, ಅತ್ತೆ ನನ್ನ ಪಕ್ಕದ ಸಾಲಿನಲ್ಲಿ ಸಸಿ ಹಾಕುತ್ತಿದ್ದರು. ನಮ್ಮ ಪಾತ್ರೆಗಳೆಲ್ಲ ಬದುವಿನ ಮೇಲೆ, ಕೊಡೆಯ ಕೆಳಗೆ. ಸಾಹೇಬರು ಒಂದು ತಟ್ಟೆ ಎತ್ತಿ ಅಂಚು ಓದಿದರು. ಇನ್ನೊಂದು ಓದಿದರು. ಲೋಟ ತಿರುಗಿಸಿ ನೋಡಿದರು.

"ಈ ಸಲ ಎಲ್ಲಾದರ ಮ್ಯಾಲೂ ಒಂದಽ ಹೆಸರೈತ್ರಿ ಅಕ್ಕಾರ!" ಎಂದು ಮೇಲಿನಿಂದ ಕೂಗಿದರು. "ಆದ್ರ ಬೆಂಚಿಲ್ಲ. ನಿಮ್ಮ ಊರಾಗ ನನಗ ಕೂತು ಉಣ್ಣೂ ಯೋಗ ಇಲ್ಲ ಬಿಡ್ರಿ."

ಗದ್ದೆಯ ತುಂಬ ನಗು ಎದ್ದಿತು. ಪಾತ್ರೆಗಳ ಪಕ್ಕ ಕುರ್ಚಿಯ ಮೇಲೆ ಇವರು ಕೂತಿದ್ದರು. ಮಳೆಯ ಚಳಿಗೆ ಕೈಗೆ ಸಿಕ್ಕಿದ್ದನ್ನು ತೊಟ್ಟು ಬಂದಿದ್ದರು, ನೋಡಿದರೆ ಅದೇ ಖಾಕಿ ಶರ್ಟು. ಕಾಗೆ ನಾಯಿ ಬಾರದಂತೆ ಪಾತ್ರೆ ನೋಡಿಕೊಳ್ಳುವುದು, ಅನ್ನ ಬಡಿಸುವ ಹೊತ್ತಾದರೆ ಕರೆಯುವುದು ಇವರ ಕೆಲಸ. ಹೊತ್ತಾಗಿತ್ತು. ಜೇಬಿನಿಂದ ವಿಸಿಲು ತೆಗೆದು ಉದ್ದಕ್ಕೆ ಊದಿದರು. ಆ ಸದ್ದಿಗೆ ಎದುರಿನ ಗುಡ್ಡದ ಗದ್ದೆಯವರೂ ತಲೆ ಎತ್ತಿ ನೋಡಿದರು.

ಅತ್ತೆ ಸೊಂಟ ನೆಟ್ಟಗೆ ಮಾಡಿ, ಕೆಸರುಗೈಯಲ್ಲಿ ಮಗನನ್ನು ತೋರಿಸಿದರು. "ನೋಡಿ ಸ್ವಾಮಿ, ಹಾಸನದಾಗೆ ಯಾರ್ದೋ ಗೇಟು ಕಾಯಕ್ಕೆ ಹೊಂಟಿದ್ದ ನನ್ ಮಗ. ಈಗ ಇಲ್ಲೇ ಅವ್ನೆ, ನನ್ ಸೊಸೆ ಪಾತ್ರೆ ಕಾಯ್ಕಂಡು."

ಇವರು ಇನ್ನೊಮ್ಮೆ ವಿಸಿಲು ಊದಿದರು. ನಾನು ಕೆಸರಿನಿಂದ ಕಾಲು ಕಿತ್ತು, ಕೈ ತೊಳೆದು, ಬಡಿಸಲು ಸೌಟು ತೆಗೆದುಕೊಂಡೆ.